ವೈಯಾವೃತ್ಯ: ರೋಗಿಯ ಮಂಚದ ಬಳಿಯ ತಪಸ್ಸು

ಜೈನ ಕರ್ಮಸಿದ್ಧಾಂತದ ಪರಿಚಯವುಳ್ಳವರಿಗೆ ‘ಕ್ಷಯ’ ಮತ್ತು ‘ಉಪಶಮ’ ಎಂಬ ಎರಡು ಶಬ್ದಗಳು ಹೊಸವಲ್ಲ. ಇವುಗಳ ಭೇದವನ್ನು ತಿಳಿಸಲು ಆಚಾರ್ಯರು ಕೆಸರುನೀರಿನ ದೃಷ್ಟಾಂತವನ್ನು ಕೊಡುತ್ತಾರೆ. ಕದಡಿದ ನೀರಿಗೆ ಕತಕವನ್ನು, ಅಂದರೆ ಚಿಲ್ಲದ ಬೀಜವನ್ನು, ತೇಯ್ದು ಹಾಕಿದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಕೆಸರು ಪಾತ್ರೆಯಲ್ಲಿಯೇ ಇದೆ. ಆದರೆ ಆ ಹೊತ್ತಿಗೆ ಅದು ನೀರನ್ನು ಕದಡುತ್ತಿಲ್ಲ. ಇದು ಉಪಶಮ. ಆ ತಿಳಿನೀರನ್ನು ಬೇರೊಂದು ಪಾತ್ರೆಗೆ ಬಸಿದು ಕೆಸರಿನ ಸಂಬಂಧವನ್ನೇ ಕಳೆದುಕೊಂಡರೆ ಅದು ಕ್ಷಯ. ಕ್ಷಯವು ಶ್ರೇಷ್ಠವೆಂಬುದು ನಿಜ. ಹಾಗೆಂದು ಉಪಶಮವನ್ನು ಶಾಸ್ತ್ರಕಾರರು ಕಡೆಗಣಿಸಲಿಲ್ಲ. ಜೀವನಿಗೆ ಸಮ್ಯಗ್ದರ್ಶನದ ಮೊದಲ ಬೆಳಕು ದೊರೆಯುವುದೇ ಉಪಶಮದಿಂದ ಎಂದು ಅವರು ಹೇಳಿದ್ದಾರೆ.

ದೇಹದ ವ್ಯಾಧಿಯ ವಿಷಯದಲ್ಲಿಯೂ ಈ ಎರಡು ದಾರಿಗಳಿವೆ. ರೋಗವನ್ನು ಬೇರುಸಹಿತ ಕಳೆಯುವ ಚಿಕಿತ್ಸೆ ಒಂದು. ರೋಗವು ಕಳೆಯಲಾರದ್ದಾದಾಗ ಅದರಿಂದೇಳುವ ನೋವು, ಉಸಿರಾಟದ ಕಷ್ಟ, ಭಯ, ಅಸಹಾಯಕತೆಗಳನ್ನು ತಳಕ್ಕಿಳಿಸಿ ರೋಗಿಯ ಮನಸ್ಸನ್ನು ತಿಳಿಯಾಗಿಸುವ ಚಿಕಿತ್ಸೆ ಇನ್ನೊಂದು. ವೈದ್ಯರು ‘ಪ್ಯಾಲಿಯೇಟಿವ್ ಕೇರ್’ ಎಂದು ಕರೆಯುವ ಈ ಎರಡನೆಯ ದಾರಿಗೆ ಕನ್ನಡದಲ್ಲಿ ‘ಉಪಶಮನ ಆರೈಕೆ’ ಎಂಬ ಹೆಸರು ಬಳಕೆಗೆ ಬಂದಿದೆ. ನಮ್ಮ ಶಾಸ್ತ್ರದ ಮಾತಿಗೂ ಈ ಹೆಸರಿಗೂ ಮೂಲ ಒಂದೇ.

ವಿಶ್ವ ಆರೋಗ್ಯ ಸಂಸ್ಥೆಯ ವಿವರಣೆಯಂತೆ, ಜೀವಕ್ಕೆ ಅಪಾಯವೊಡ್ಡುವ ಕಾಯಿಲೆಯುಳ್ಳ ರೋಗಿಯ ಮತ್ತು ಆತನ ಕುಟುಂಬದವರ ಬಾಳನ್ನು ಸಹನೀಯಗೊಳಿಸುವುದು ಈ ಆರೈಕೆಯ ಗುರಿ. ಶರೀರದ ನೋವಿನೊಂದಿಗೆ ಮನಸ್ಸಿನ, ಸಂಸಾರದ ಹಾಗೂ ಆಧ್ಯಾತ್ಮಿಕ ಕ್ಲೇಶಗಳನ್ನೂ ಅದು ಗಣನೆಗೆ ತೆಗೆದುಕೊಳ್ಳುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಆಶ್ರಯಧಾಮವನ್ನು ತೆರೆದ ಡಾ. ಸಿಸಿಲಿ ಸಾಂಡರ್ಸ್ ಅವರು ಈ ನಾಲ್ಕೂ ಬಗೆಯ ನೋವನ್ನು ಒಟ್ಟಾಗಿ ‘ಸಮಗ್ರ ನೋವು’ ಎಂಬ ಅರ್ಥದ ಮಾತಿನಿಂದ ಕರೆದರು. ಜಗತ್ತಿನಲ್ಲಿ ಪ್ರತಿ ವರ್ಷ ಸುಮಾರು 5.68 ಕೋಟಿ ಜನರಿಗೆ ಈ ಆರೈಕೆ ಬೇಕಾಗುತ್ತದೆಂದೂ, ಬೇಕಾದವರಲ್ಲಿ ಸುಮಾರು ಶೇ 14ರಷ್ಟು ಮಂದಿಗೆ ಮಾತ್ರ ಅದು ದೊರೆಯುತ್ತಿದೆಯೆಂದೂ ಆ ಸಂಸ್ಥೆಯ ಅಂದಾಜು.

ಉಳಿದವರು ಎಲ್ಲಿದ್ದಾರೆ? ಅವರಲ್ಲಿ ಅನೇಕರು ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳಂತಹ ಸೀಮೆಗಳ ಮನೆಗಳಲ್ಲಿದ್ದಾರೆ. ದೊಡ್ಡ ಆಸ್ಪತ್ರೆಗೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕು. ತಿಂಗಳುಗಟ್ಟಲೆ ಓಡಾಡಿ, ಸಾಲ ಮಾಡಿ, ಕೊನೆಗೊಂದು ದಿನ “ಇನ್ನು ಮನೆಗೆ ಕರೆದುಕೊಂಡು ಹೋಗಿ, ಚೆನ್ನಾಗಿ ನೋಡಿಕೊಳ್ಳಿ” ಎಂಬ ಮಾತನ್ನು ಕೇಳಿ ಕುಟುಂಬದವರು ಹಿಂದಿರುಗುತ್ತಾರೆ. ಚೆನ್ನಾಗಿ ನೋಡಿಕೊಳ್ಳುವುದೆಂದರೆ ಹೇಗೆ ಎಂಬುದನ್ನು ಯಾರೂ ಅವರಿಗೆ ಹೇಳಿಕೊಟ್ಟಿರುವುದಿಲ್ಲ. ಉಪಶಮನ ಆರೈಕೆ ಉತ್ತರಿಸುವುದು ಈ ಪ್ರಶ್ನೆಗೆ. ಇದೇ ಪ್ರಶ್ನೆಗೆ ಜಿನಾಗಮವೂ ಬಹಳ ಹಿಂದೆಯೇ ಉತ್ತರ ಕೊಟ್ಟಿದೆ.

ನೋವನ್ನು ಅನುಭವಿಸಿಯೇ ತೀರಿಸಬೇಕೇ?

ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಮಾತೊಂದಿದೆ: “ಪೂರ್ವಕರ್ಮ, ಅನುಭವಿಸಿ ತೀರಿಸಲೇಬೇಕು, ಔಷಧ ಕೊಟ್ಟು ತಡೆದರೆ ಮುಂದಿನ ಭವಕ್ಕೆ ಉಳಿಯುತ್ತದೆ.” ಭಕ್ತಿಯಿಂದಲೇ ಹೊರಟ ಮಾತಾದರೂ ಇದು ಸಿದ್ಧಾಂತಕ್ಕೆ ಹೊಂದುವುದಿಲ್ಲ.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವು ಆರ್ತಧ್ಯಾನದ ನಾಲ್ಕು ಭೇದಗಳನ್ನು ಹೇಳುತ್ತದೆ. ಅನಿಷ್ಟದ ಸಂಯೋಗ, ಇಷ್ಟದ ವಿಯೋಗ, ವೇದನೆ ಮತ್ತು ನಿದಾನ. ವೇದನೆಯಿಂದ ಪೀಡಿತನಾದವನು ಹಗಲಿರುಳು ಆ ನೋವನ್ನೇ ಚಿಂತಿಸುವುದು ವೇದನಾಜನ್ಯ ಆರ್ತಧ್ಯಾನ. ಅದು ನಿರ್ಜರೆಯ ಬದಲು ಅಶುಭ ಕರ್ಮಬಂಧಕ್ಕೆ ಕಾರಣವಾಗುತ್ತದೆ. ಅವಿರತರಲ್ಲಿಯೂ ದೇಶವಿರತರಲ್ಲಿಯೂ ಮಾತ್ರವಲ್ಲ, ಪ್ರಮತ್ತಸಂಯತರಾದ ಮುನಿಗಳಲ್ಲಿಯೂ ಆರ್ತಧ್ಯಾನ ತಲೆದೋರಬಹುದೆಂದು ಸೂತ್ರಕಾರರೇ ಎಚ್ಚರಿಸಿದ್ದಾರೆ. ಹೀಗಿರುವಾಗ ವ್ರತಾಭ್ಯಾಸವಿಲ್ಲದ ಸಾಮಾನ್ಯ ಗೃಹಸ್ಥನು ಕ್ಯಾನ್ಸರಿನ ನೋವಿನಲ್ಲಿ ಹೊರಳಾಡುತ್ತ ಸಮತಾಭಾವದಲ್ಲಿರಲಿ ಎಂದು ಅಪೇಕ್ಷಿಸುವುದು ಹೇಗೆ? ನೋವು ತಗ್ಗಿದಾಗ ಅವನ ಕಿವಿಗೆ ಣಮೋಕಾರ ಮಂತ್ರ ಬೀಳುತ್ತದೆ. ನೋವು ಉಲ್ಬಣಿಸಿದಾಗ ಮಂತ್ರ ಹೇಳುವವರ ದನಿಯೂ ಅವನಿಗೆ ಹಿಂಸೆಯಾಗುತ್ತದೆ.

ಸನತ್ಕುಮಾರ ಚಕ್ರವರ್ತಿಯ ಕಥೆಯನ್ನು ಕೆಲವರು ಎದುರಿಗಿಡಬಹುದು. ವಡ್ಡಾರಾಧನೆಯಲ್ಲಿಯೂ ಬಂದಿರುವ ಆ ಕಥೆಯಲ್ಲಿ, ರೋಗಗಳಿಂದ ಪೀಡಿತನಾದ ಸನತ್ಕುಮಾರ ಮುನಿಯು ವೈದ್ಯನ ವೇಷದಲ್ಲಿ ಬಂದ ದೇವನ ಚಿಕಿತ್ಸೆಯನ್ನು ಒಲ್ಲೆನೆನ್ನುತ್ತಾನೆ. ಆದರೆ ಅದು ಚಕ್ರವರ್ತಿಪದವನ್ನೇ ತೊರೆದ ಮುನಿಯು ತಾನಾಗಿ ವರಿಸಿದ ರೋಗಪರೀಷಹಜಯ. ತನ್ನ ನೋವನ್ನು ತಾನು ಸಹಿಸುವುದು ತಪಸ್ಸು; ಇನ್ನೊಬ್ಬರ ನೋವನ್ನು ತಾನು ಸಹಿಸಿಕೊಂಡಿರುವುದು ತಪಸ್ಸಲ್ಲ. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ಆಕ್ರಂದನಗಳನ್ನುಂಟುಮಾಡುವುದು ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದೂ, ಪ್ರಾಣಿಗಳ ಮೇಲಿನ ಅನುಕಂಪೆಯು ಸಾತಾವೇದನೀಯಕ್ಕೆ ಕಾರಣವೆಂದೂ ಅದೇ ಸೂತ್ರಗ್ರಂಥ ತಿಳಿಸುತ್ತದೆ. ಮಂಚದ ಮೇಲಿರುವ ತಂದೆಯ ಕರ್ಮದ ಲೆಕ್ಕವನ್ನು ಬರೆಯುವ ಮೊದಲು, ಪಕ್ಕದಲ್ಲಿ ನಿಂತಿರುವ ಮಗನು ತನ್ನ ಲೆಕ್ಕವನ್ನು ನೋಡಿಕೊಳ್ಳುವುದು ಲೇಸು.

ಔಷಧ, ವ್ರತ ಮತ್ತು ವಿವೇಕ

ತೀವ್ರ ನೋವಿಗೆ ವೈದ್ಯರು ಮಾರ್ಫಿನ್ ಕೊಡುತ್ತಾರೆ. 1986ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕ್ಯಾನ್ಸರ್ ನೋವಿಗೆ ರೂಪಿಸಿದ ಮೂರು ಮೆಟ್ಟಿಲುಗಳ ಕ್ರಮದಲ್ಲಿ ಇದು ಕೊನೆಯ ಮೆಟ್ಟಿಲು. ಅಫೀಮಿನಿಂದ ಬಂದದ್ದೆಂಬ ಕಾರಣಕ್ಕೆ ಇದು ಚಟವಾದೀತು, ಪ್ರಾಣ ತೆಗೆದೀತು ಎಂಬ ಅಂಜಿಕೆ ಅನೇಕರಲ್ಲಿದೆ. ತಿಳಿದ ವೈದ್ಯರು ನೋವಿಗೆ ತಕ್ಕಂತೆ ಅಳೆದು ಕೊಟ್ಟಾಗ ಅದು ಸಾವನ್ನು ಹತ್ತಿರ ತರುವುದಿಲ್ಲ; ನೋವಿಗಾಗಿ ಕ್ರಮವಾಗಿ ತೆಗೆದುಕೊಳ್ಳುವುದಕ್ಕೂ ಅಮಲಿಗಾಗಿ ಸೇವಿಸುವುದಕ್ಕೂ ಹೋಲಿಕೆಯಿಲ್ಲ. ನೋವು ಬಂದಾಗ ಕಾದು ಕೊಡುವ ಔಷಧವೂ ಅದಲ್ಲ. ನೋವು ಮರಳುವ ಮೊದಲೇ, ಹೊತ್ತು ಹೊತ್ತಿಗೆ ಕೊಡಬೇಕು. ಮಲಬದ್ಧತೆ ಅದರ ಸಾಮಾನ್ಯ ಅಡ್ಡಪರಿಣಾಮವಾದ್ದರಿಂದ ಜೊತೆಗೇ ಅದಕ್ಕೂ ಔಷಧವಿರಬೇಕು. 1985ರ ಮಾದಕವಸ್ತು ಕಾನೂನಿನ ಬಿಗಿಯಿಂದಾಗಿ ದಶಕಗಳ ಕಾಲ ಮಾರ್ಫಿನ್ ದೊರೆಯುವುದೇ ದುಸ್ತರವಾಗಿತ್ತು. 2014ರಲ್ಲಿ ಸಂಸತ್ತು ಅದಕ್ಕೆ ತಿದ್ದುಪಡಿ ತಂದ ಮೇಲೆ, ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳು ಅದನ್ನು ಇಟ್ಟುಕೊಂಡು ಕೊಡುವುದು ಸುಲಭವಾಗಿದೆ.

ಶ್ರಾವಕರಿಗೆ ಇನ್ನೂ ಕೆಲವು ಸಂದೇಹಗಳು ಬರುವುದು ಸಹಜ. ರಾತ್ರಿಭೋಜನ ತ್ಯಾಗದ ನಿಯಮವುಳ್ಳ ವೃದ್ಧೆಗೆ ನಾಲ್ಕು ಗಂಟೆಗೊಮ್ಮೆ ಮಾತ್ರೆ ಕೊಡುವುದೆಂತು? ಇದನ್ನು ವೈದ್ಯರ ಮುಂದೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಹನ್ನೆರಡು ಗಂಟೆಗೊಮ್ಮೆ ಕೊಡುವ, ನಿಧಾನವಾಗಿ ಕರಗುವ ಮಾರ್ಫಿನ್ ಮಾತ್ರೆಗಳಿವೆ. ಮೂರು ದಿನಗಳಿಗೊಮ್ಮೆ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿಯೂ ಇದೆ. ರೋಗಿಯ ಸ್ಥಿತಿಗೆ ಯಾವುದು ಹೊಂದುತ್ತದೆಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಕೆಲವು ಕ್ಯಾಪ್ಸೂಲುಗಳ ಹೊದಿಕೆ ಪ್ರಾಣಿಜನ್ಯ. ಕೆಲವು ಸಿರಪ್ಪುಗಳಲ್ಲಿ ಮದ್ಯಸಾರ ಅಥವಾ ಜೇನು ಇರುತ್ತದೆ. ಬದಲಿಗೆ ಮಾತ್ರೆ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಇಂತಹ ವಿವೇಚನೆ ಜೈನರಿಗೆ ಹೊಸದೂ ಅಲ್ಲ. ಉಗ್ರಾದಿತ್ಯಾಚಾರ್ಯರ ಸಂಸ್ಕೃತ ‘ಕಲ್ಯಾಣಕಾರಕ’ ಮತ್ತು ಅದೇ ಹೆಸರಿನ, ಜಗದ್ದಳ ಸೋಮನಾಥನ ಕನ್ನಡ ವೈದ್ಯಗ್ರಂಥಗಳು ಮದ್ಯಮಾಂಸಗಳ ಸಂಪರ್ಕವಿಲ್ಲದ ಚಿಕಿತ್ಸೆಯನ್ನೇ ಹೇಳಹೊರಟವು. ಗುರುಗಳಿಂದ ವ್ರತ ಪಡೆದವರಾದರೆ ಗುರುಗಳನ್ನೇ ಕೇಳಿ ನಡೆಯಬೇಕು. ರೋಗಿಯ ಹೆಸರಿನಲ್ಲಿ ಮನೆಯವರು ವ್ರತವನ್ನು ಬಿಗಿಗೊಳಿಸುವುದೂ ಸಲ್ಲದು, ಸಡಿಲಿಸುವುದೂ ಸಲ್ಲದು.

ಗ್ಲಾನಸೇವೆ ಎಂಬ ಅಂತರಂಗ ತಪಸ್ಸು

ಆರು ಅಂತರಂಗ ತಪಸ್ಸುಗಳಲ್ಲಿ ವೈಯಾವೃತ್ಯವು ಮೂರನೆಯದು. ಉಪವಾಸ ಬಾಹ್ಯತಪಸ್ಸು, ಸೇವೆ ಅಂತರಂಗತಪಸ್ಸು ಎಂಬ ಈ ಎಣಿಕೆಯೇ ಗಮನಾರ್ಹ. ಯಾರ ಸೇವೆ ಮಾಡಬೇಕೆಂಬುದಕ್ಕೆ ಸೂತ್ರಕಾರರು ಹತ್ತು ಬಗೆಯವರನ್ನು ಹೆಸರಿಸುತ್ತಾರೆ. ಆಚಾರ್ಯ, ಉಪಾಧ್ಯಾಯ, ತಪಸ್ವಿಗಳ ಸಾಲಿನಲ್ಲಿಯೇ ‘ಗ್ಲಾನ’ ಎಂದರೆ ರೋಗಿಯೂ ಇದ್ದಾನೆ. ಅಲ್ಲಿ ಹೇಳಿರುವುದು ಸಾಧುಸಂಘದ ವಿಷಯವಾದರೂ ಗೃಹಸ್ಥನಿಗೆ ಅದೇ ಮಾದರಿ.

ರೋಗಿಯ ದೇಹವನ್ನು ಕಂಡು ಹೇಸದಿರುವ ನಿರ್ವಿಚಿಕಿತ್ಸೆಯು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲೊಂದು. ಇದಕ್ಕೆ ಉದಾಹರಣೆಯಾಗಿ ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೆಸರಿಸುವುದು ಉದ್ದಾಯನ ರಾಜನನ್ನು. ದೇವನೊಬ್ಬನು ರೋಗಪೀಡಿತ ಮುನಿಯ ರೂಪದಲ್ಲಿ ಬಂದು, ಆಹಾರ ಸ್ವೀಕರಿಸಿ, ದುರ್ಗಂಧದಿಂದ ಕೂಡಿದ ವಾಂತಿ ಮಾಡಿದನಂತೆ. ಪರಿವಾರದವರೆಲ್ಲ ಓಡಿಹೋದರು. ರಾಜನು ರಾಣಿಯೊಂದಿಗೆ ನಿಂತು ಮುನಿಯ ಮೈಯನ್ನು ತೊಳೆದನು. ಒಗ್ಗದ ಆಹಾರವನ್ನು ತಾನು ನೀಡಿದೆನಲ್ಲಾ ಎಂದು ತನ್ನನ್ನೇ ನಿಂದಿಸಿಕೊಂಡನು. ಕೊಳೆತ ಹುಣ್ಣಿನ ವಾಸನೆಗೆ ಮೂಗು ಮುಚ್ಚದೆ ಬ್ಯಾಂಡೇಜು ಬದಲಿಸುವ ದಾದಿಯಲ್ಲಿ, ಮಾವನವರ ಹಾಸಿಗೆಯ ಬಟ್ಟೆಯನ್ನು ಬೆಳಗಿನ ಜಾವ ಒಗೆಯುವ ಸೊಸೆಯಲ್ಲಿ ನಾವು ಕಾಣಬೇಕಾದುದು ಈ ಉದ್ದಾಯನನನ್ನೇ.

ಮನೆಗೆ ಬರುವ ಉಪಶಮನ ತಂಡ ಮಾಡುವ ಕೆಲಸವೂ ಇಂಥದ್ದೇ. ಹುಣ್ಣು ತೊಳೆಯುವುದು, ಮೂತ್ರದ ನಳಿಕೆ ನೋಡುವುದು, ಬೆನ್ನುಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು ಮನೆಯವರಿಗೆ ಕಲಿಸುವುದು, ಒಣಗಿದ ಬಾಯನ್ನು ಒದ್ದೆ ಹತ್ತಿಯಿಂದ ಸವರುವುದು, ಕುಳಿತು ಮಾತು ಕೇಳುವುದು. ಕ್ಯಾನ್ಸರ್ ಮಾತ್ರವಲ್ಲದೆ ಪಾರ್ಶ್ವವಾಯು, ಮೂತ್ರಪಿಂಡ ಮತ್ತು ಹೃದಯದ ವೈಫಲ್ಯ, ಶ್ವಾಸಕೋಶದ ದೀರ್ಘರೋಗ, ಮರೆವಿನ ಕಾಯಿಲೆ ಇವೆಲ್ಲವೂ ಇದರ ವ್ಯಾಪ್ತಿಗೆ ಬರುತ್ತವೆ. ಕೊನೆಯ ವಾರಕ್ಕೆಂದು ಕಾಯದೆ, ರೋಗ ತಿಳಿದ ದಿನದಿಂದಲೇ ಉಳಿದ ಚಿಕಿತ್ಸೆಯ ಜೊತೆಗೆ ಇದನ್ನು ಆರಂಭಿಸಬಹುದು. 1984ರಲ್ಲಿ ಮೈಸೂರಿನ ವೈದ್ಯವಿದ್ಯಾರ್ಥಿಗಳು ಕಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಸರಗೂರಿನಲ್ಲಿ ಆಸ್ಪತ್ರೆ ನಡೆಸುತ್ತಿರುವುದಲ್ಲದೆ, ಮನೆಗೇ ಹೋಗಿ ಉಪಶಮನ ಆರೈಕೆ ನೀಡುವ ಕಾರ್ಯವನ್ನೂ ಮೈಸೂರು ಜಿಲ್ಲೆಯಲ್ಲಿ ಕೈಗೊಂಡಿದೆ. ಬೆಂಗಳೂರಿನ ಕರುಣಾಶ್ರಯವು 1999ರಿಂದ ಕ್ಯಾನ್ಸರ್ ರೋಗಿಗಳನ್ನು ಯಾವ ಶುಲ್ಕವೂ ಇಲ್ಲದೆ ನೋಡಿಕೊಳ್ಳುತ್ತಿದೆ. ಸರ್ಕಾರದ ರಾಷ್ಟ್ರೀಯ ಉಪಶಮನ ಆರೈಕೆ ಕಾರ್ಯಕ್ರಮ 2012ರಲ್ಲಿ ರೂಪುಗೊಂಡಿತು. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನೂ ಊರಿನ ಆಶಾ ಕಾರ್ಯಕರ್ತೆಯನ್ನೂ ವಿಚಾರಿಸುವುದು ಮೊದಲ ಹೆಜ್ಜೆ.

ಇಲ್ಲಿ ಭಗವತೀ ಆರಾಧನೆಯ ಒಂದು ವಿಧಿಯನ್ನು ನೆನೆಯಬೇಕು. ಸಮಾಧಿಮರಣವನ್ನು ಕೈಗೊಂಡ ಕ್ಷಪಕನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕ ಮುನಿಗಳಿರಬೇಕೆಂದು ಆ ಗ್ರಂಥ ಹೇಳುತ್ತದೆ. ನಾಲ್ಕು ನಾಲ್ಕು ಜನರ ತಂಡಗಳಾಗಿ ಒಬ್ಬರು ಎಬ್ಬಿಸಿ ಕೂರಿಸಲು, ಒಬ್ಬರು ಧರ್ಮ ಹೇಳಲು, ಒಬ್ಬರು ಆಹಾರಪಾನಗಳಿಗೆ, ಒಬ್ಬರು ಮಲಮೂತ್ರಗಳ ಶುಚಿಗೆ ಎಂದು ಕೆಲಸ ಹಂಚಿಕೊಳ್ಳಬೇಕು. ಕಾಲಕ್ಕೆ ತಕ್ಕಂತೆ ಈ ಸಂಖ್ಯೆ ಕಡಿಮೆಯಾಗಬಹುದು. ಆದರೆ ಇಬ್ಬರಿಗಿಂತ ಕಡಿಮೆಯಾಗಕೂಡದು. ಒಬ್ಬನೇ ಆದರೆ ಅವನು ತನ್ನನ್ನೂ ಕಡೆಗಣಿಸುತ್ತಾನೆ, ರೋಗಿಯನ್ನೂ ಕಡೆಗಣಿಸುವಂತಾಗುತ್ತದೆ ಎಂಬುದು ಅದರ ಕಾರಣ.

ನಮ್ಮ ಮನೆಗಳಲ್ಲಿ ಈಗ ನಡೆಯುತ್ತಿರುವುದು ಇದಕ್ಕೆ ವಿರುದ್ಧ. ರೋಗಿಯ ಹೊಣೆ ಬಹುಮಟ್ಟಿಗೆ ಒಬ್ಬ ಹೆಣ್ಣುಮಗಳ ಮೇಲೆ ಬೀಳುತ್ತದೆ. ಪಿರಿಯಾಪಟ್ಟಣ, ಹುಣಸೂರುಗಳ ಕಡೆ ಹೊಗೆಸೊಪ್ಪು ಹದ ಮಾಡುವ ದಿನಗಳಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕಿದ ಮೇಲೆ ಹಗಲಿರುಳು ಕಾಯಬೇಕು. ಅದೇ ಮನೆಯ ಒಳಕೋಣೆಯಲ್ಲಿ ರೋಗಿಯ ಬಳಿಯೂ ಹಗಲಿರುಳು ಕಾಯಬೇಕು. ಒಂದೇ ಜೀವ ಎರಡು ಕಡೆ ಹೇಗೆ ಇದ್ದೀತು? ನೆರೆಯವರೊಬ್ಬರು ಮಧ್ಯಾಹ್ನ ಎರಡು ಗಂಟೆ ಬಂದು ಕುಳಿತರೆ ಆ ಹೆಣ್ಣುಮಗಳು ಮಲಗಿ ನಿದ್ರಿಸಬಹುದು. ಎಚ್.ಡಿ. ಕೋಟೆಯ ಗಡಿ ದಾಟಿದರೆ ಸಿಗುವ ವಯನಾಡು ಸೇರಿದಂತೆ ಕೇರಳದಲ್ಲಿ ಇದು ವ್ಯವಸ್ಥೆಯಾಗಿಯೇ ಬೆಳೆದಿದೆ. 1993ರಲ್ಲಿ ಕೋಯಿಕ್ಕೋಡಿನಲ್ಲಿ ಡಾ. ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಆರಂಭಿಸಿದ ಕೆಲಸವು ವಾರಕ್ಕೆ ಕೆಲವು ಗಂಟೆ ಬಿಡುವು ಮಾಡಿಕೊಳ್ಳುವ ಸ್ವಯಂಸೇವಕರ ಜಾಲವಾಯಿತು. 2008ರಲ್ಲಿ ಆ ರಾಜ್ಯ ಸರ್ಕಾರ ಇದಕ್ಕೆಂದೇ ನೀತಿಯೊಂದನ್ನು ರೂಪಿಸಿತು.

ಸತ್ಯವನ್ನು ಮುಚ್ಚಿಡಬೇಕೇ?

ರೋಗದ ನಿಜವನ್ನು ರೋಗಿಗೆ ತಿಳಿಸದಿರುವುದು ನಮ್ಮಲ್ಲಿ ಪ್ರೀತಿಯ ಲಕ್ಷಣವೆನಿಸಿದೆ. “ತಿಳಿದರೆ ಎದೆಯೊಡೆದುಕೊಳ್ಳುತ್ತಾರೆ” ಎಂದು ಮಕ್ಕಳು ವೈದ್ಯರನ್ನು ಹೊರಗೆ ಕರೆದು ಕೇಳಿಕೊಳ್ಳುತ್ತಾರೆ. ರೋಗಿಗಾದರೋ ತನ್ನ ದೇಹದ ಸ್ಥಿತಿ ಬಹುಪಾಲು ತಿಳಿದೇ ಇರುತ್ತದೆ. ಮಕ್ಕಳು ನೊಂದಾರೆಂದು ಅವರೂ ಮೌನವಾಗಿರುತ್ತಾರೆ. ಎರಡೂ ಕಡೆಯವರು ಒಂದೇ ಸೂರಿನಡಿ ಒಬ್ಬೊಬ್ಬರೇ ಅಳುತ್ತಾರೆ.

ಶ್ರಾವಕನ ವಿಷಯದಲ್ಲಿ ಈ ಮೌನದಿಂದಾಗುವ ನಷ್ಟ ಬಹಳ ದೊಡ್ಡದು. ಆಲೋಚನೆ, ಪ್ರತಿಕ್ರಮಣ, ಎಲ್ಲ ಜೀವಿಗಳೊಂದಿಗೆ ಕ್ಷಮಾಯಾಚನೆ, ಪರಿಗ್ರಹದ ಪರಿಮಿತಿ, ದಾನ — ಇವೆಲ್ಲ ಕಾಲವು ಸಮೀಪಿಸಿದೆಯೆಂದು ತಿಳಿದವನು ಮಾಡಿಕೊಳ್ಳುವ ಸಿದ್ಧತೆಗಳು. ಮುನಿಸಿಕೊಂಡ ತಮ್ಮನನ್ನು ಕರೆಸಿ ಒಂದು ಮಾತಾಡಬೇಕೆಂದಿದ್ದವನಿಗೆ “ಮುಂದಿನ ತಿಂಗಳು ಎದ್ದು ಓಡಾಡುತ್ತೀರಿ” ಎಂದು ಹೇಳಿದರೆ, ಆ ಮಾತು ಬಾಯಲ್ಲಿಯೇ ಉಳಿದು ಕಷಾಯವಾಗಿ ಜೊತೆಗೆ ಹೋಗುತ್ತದೆ. ಸತ್ಯವನ್ನು ಒಮ್ಮೆಲೇ ಸುರಿಯಬೇಕೆಂದಲ್ಲ. ಹಿತವಾಗಿ, ಮಿತವಾಗಿ, ಪ್ರಿಯವಾಗಿ ಎಂಬ ನಿಯಮ ಇಲ್ಲಿಯೂ ಸಲ್ಲುತ್ತದೆ. “ನಿಮಗೆ ಏನನ್ನಿಸುತ್ತಿದೆ? ಎಷ್ಟು ತಿಳಿಯಬೇಕೆಂದಿದ್ದೀರಿ?” ಎಂದು ಕೇಳಿ, ಅವರು ಕೇಳಿದಷ್ಟನ್ನು ನಿಜವಾಗಿ ಹೇಳುವುದು ಉಪಶಮನ ವೈದ್ಯರು ಅನುಸರಿಸುವ ಕ್ರಮ.

ಸಲ್ಲೇಖನವೂ ಉಪಶಮನವೂ

ಇವೆರಡನ್ನು ಬೆರೆಸಬಾರದು. ಸಲ್ಲೇಖನವು ಅರಿವುಳ್ಳವನು ಗುರುವಿನ ಅನುಮತಿಯಿಂದ ತಾನಾಗಿ ಕೈಗೊಳ್ಳುವ ವ್ರತ. ಉಪಸರ್ಗ, ದುರ್ಭಿಕ್ಷ, ಮುಪ್ಪು ಹಾಗೂ ಪ್ರತೀಕಾರವಿಲ್ಲದ ರೋಗ ಒದಗಿದಾಗ ಮಾತ್ರ ಅದಕ್ಕೆ ಅವಕಾಶವೆಂದು ಸಮಂತಭದ್ರರು ಎಲ್ಲೆ ಹಾಕಿದ್ದಾರೆ. ದೇವಚಂದ್ರನ ‘ರಾಜಾವಳಿ ಕಥೆ’ ಹೇಳುವಂತೆ, ಭಸ್ಮಕ ವ್ಯಾಧಿಯಿಂದ ಪೀಡಿತರಾದ ಸಮಂತಭದ್ರರೇ ಸಲ್ಲೇಖನಕ್ಕೆ ಅನುಮತಿ ಬೇಡಿದಾಗ ಅವರ ಗುರುಗಳು ಕೊಡಲಿಲ್ಲ. ಬದುಕಿ ಧರ್ಮಪ್ರಭಾವನೆ ಮಾಡಬೇಕಾದವರೆಂದು ರೋಗನಿವಾರಣೆಗೇ ಕಳುಹಿಸಿದರು. ನೋವು ತಾಳಲಾರದೆ “ಸಾಕಪ್ಪಾ, ಕಳುಹಿಸಿಬಿಡಿ” ಎನ್ನುವ ರೋಗಿಗೆ ಮೊದಲು ಬೇಕಾದುದು ನೋವಿನ ಶಮನ. ಆ ಕೂಗನ್ನು ವ್ರತಸಂಕಲ್ಪವೆಂದು ತಿಳಿಯುವುದು ಅನ್ಯಾಯ. ಮನೆಯವರು ಅನ್ನ ನಿಲ್ಲಿಸುವುದು ಸಲ್ಲೇಖನವಲ್ಲ. ಹಾಗೆಯೇ, ಕೊನೆಯ ದಿನಗಳಲ್ಲಿ ದೇಹವೇ ಆಹಾರವನ್ನು ಒಲ್ಲದಿರುವಾಗ ಬಾಯಿಗೆ ತುರುಕುವುದು ಪ್ರೀತಿಯೂ ಅಲ್ಲ. ಅದರಿಂದ ನೆತ್ತಿಗೇರಿ ಉಸಿರು ಕಟ್ಟುವ ಅಪಾಯವಿದೆ.

ಹಾಗಾದರೂ ಎರಡರ ಮನೋಧರ್ಮದಲ್ಲಿ ಒಂದು ಸಾಮ್ಯವಿದೆ. ಸಲ್ಲೇಖನದ ಐದು ಅತಿಚಾರಗಳಲ್ಲಿ ಮೊದಲನೆಯವು ಬದುಕಿನ ಆಶೆ ಮತ್ತು ಬೇಗ ಸಾಯಬೇಕೆಂಬ ಆಶೆ. ಸಾವನ್ನು ತ್ವರೆಗೊಳಿಸುವುದಾಗಲಿ ಮುಂದೂಡುವುದಾಗಲಿ ತನ್ನ ಉದ್ದೇಶವಲ್ಲವೆಂದು ಉಪಶಮನ ಆರೈಕೆಯೂ ಹೇಳುತ್ತದೆ. ಆಯುಷ್ಯ ಇದ್ದಷ್ಟು ಕಾಲ ನೆಮ್ಮದಿ. ಅದು ತೀರಿದಾಗ ಸಮತೆ.

2015ರ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್ ಸಲ್ಲೇಖನದ ವಿರುದ್ಧ ನೀಡಿದ ತೀರ್ಪಿಗೆ ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ತಡೆ ನೀಡಿದ್ದು ನಮಗೆಲ್ಲ ನೆನಪಿದೆ. ಅದಕ್ಕಿಂತ ಭಿನ್ನವಾದ ಇನ್ನೊಂದು ತೀರ್ಪನ್ನೂ ಶ್ರಾವಕರು ತಿಳಿದಿರುವುದು ಒಳ್ಳೆಯದು. ಚೇತರಿಕೆಯ ಭರವಸೆಯಿಲ್ಲದಾಗ ಯಂತ್ರಗಳಿಂದ ಪ್ರಾಣ ಹಿಡಿದಿಡುವುದು ಬೇಡವೆಂದು ಮೊದಲೇ ಬರೆದಿಡುವ ಮುಂಗಡ ನಿರ್ದೇಶನವನ್ನು ಸುಪ್ರೀಂ ಕೋರ್ಟ್ 2018ರ ಮಾರ್ಚ್ 9ರಂದು ಮಾನ್ಯ ಮಾಡಿತು. 2023ರ ಜನವರಿಯಲ್ಲಿ ಅದರ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಸಮಕ್ಷಮ ಸಹಿ ಮಾಡಿ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಕರ್ನಾಟಕ ಸರ್ಕಾರವು 2025ರ ಜನವರಿ 30ರಂದು ಇದರ ಜಾರಿಗೆ ಆದೇಶ ಹೊರಡಿಸಿದೆ. ಎಚ್ಚರ ಇರುವಾಗಲೇ ಮನದ ಇಂಗಿತವನ್ನು ಬರೆದಿಟ್ಟರೆ, ಐಸಿಯು ಬಾಗಿಲಿನಲ್ಲಿ ನಿಂತ ಮಕ್ಕಳ ಪಾಲಿನ ಧರ್ಮಸಂಕಟ ತಪ್ಪುತ್ತದೆ.

ಸಂಘ ಮಾಡಬಹುದಾದ ಕಾರ್ಯ

ಈ ನಾಲ್ಕು ತಾಲ್ಲೂಕುಗಳ ಮಣ್ಣಿಗೆ ಜಿನಧರ್ಮ ಹೊರಗಿನದಲ್ಲ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯಲ್ಲಿ ಬಾಹುಬಲಿ ನಿಂತಿದ್ದಾನೆ. ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಆದಿನಾಥ ಬಸದಿಯಿದೆ; ಒಂದು ಕಾಲಕ್ಕೆ ಮುನಿಪರಂಪರೆಯೊಂದು ಆ ಊರಿನ ಹೆಸರನ್ನೇ ಧರಿಸಿತ್ತು. ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಹೆಸರು ಹೇಳದ ಪ್ರವಚನವಿಲ್ಲ. ಅಭಿಷೇಕಕ್ಕೆ, ಜೀರ್ಣೋದ್ಧಾರಕ್ಕೆ ಸಲ್ಲುವ ಕಾಣಿಕೆಯಲ್ಲಿ ಒಂದು ಪಾಲು ಔಷಧದಾನಕ್ಕೆ ಸಂದರೆ ನೀರಿನ ಹಾಸಿಗೆ, ಗಾಲಿಕುರ್ಚಿ, ಹಾಸಿಗೆಯಲ್ಲೇ ಬಳಸುವ ಶೌಚಪಾತ್ರೆಗಳನ್ನು ಕೊಂಡಿಟ್ಟು ಜಾತಿಮತ ನೋಡದೆ ಬೇಕಾದ ಮನೆಗೆ ಎರವಲು ಕೊಡಬಹುದು. ಮಹಿಳಾ ಸಮಾಜದ ಸದಸ್ಯೆಯರು, ಯುವಕರು ತರಬೇತಿ ಪಡೆದು ವಾರಕ್ಕೊಂದು ಮನೆಗೆ ಹೋಗಬಹುದು. ಕಾಡಂಚಿನ ಹಾಡಿಯ ಜೇನುಕುರುಬ ಅಜ್ಜನೂ, ಪೇಟೆಯ ಓಣಿಯಲ್ಲಿರುವ ವರ್ತಕನೂ ನೋವಿನಲ್ಲಿ ಸಮಾನರು. ಜೀವಜೀವಗಳು ಒಂದಕ್ಕೊಂದು ಉಪಕಾರಕವೆಂಬ ತತ್ತ್ವ ಅಲ್ಲಿ ಕಾರ್ಯರೂಪಕ್ಕೆ ಬರುತ್ತದೆ.

ರೋಗಿ ತೀರಿಕೊಂಡ ಮೇಲೆಯೂ ಈ ಆರೈಕೆ ಮುಗಿಯುವುದಿಲ್ಲ. ಇಷ್ಟವಿಯೋಗದ ಆರ್ತಧ್ಯಾನದಲ್ಲಿ ಮುಳುಗಿದ ಮನೆಗೆ ಹದಿನೈದು ದಿನ ಬಿಟ್ಟು ಹೋಗಿ ಕುಳಿತು, ಅನಿತ್ಯ ಅಶರಣ ಭಾವನೆಗಳನ್ನು ಉಪದೇಶವಾಗಿ ಹೇರದೆ, ಅವರ ಮಾತು ಕೇಳಿ ಬರುವುದೂ ಅದರ ಭಾಗವೇ.

“ಇನ್ನೇನೂ ಮಾಡುವಂತಿಲ್ಲ” ಎಂಬ ಮಾತನ್ನು ಜಿನಮಾರ್ಗ ಒಪ್ಪುವುದಿಲ್ಲ. ಮಗ್ಗುಲು ಬದಲಿಸುವುದಿದೆ, ತುಟಿ ಒದ್ದೆ ಮಾಡುವುದಿದೆ, ಹೊತ್ತಿಗೆ ಸರಿಯಾಗಿ ಮಾತ್ರೆ ಕೊಡುವುದಿದೆ, ಕ್ಷಮೆ ಕೇಳುವುದಿದೆ, ಕೈ ಹಿಡಿದು ಮಂತ್ರ ಹೇಳುವುದಿದೆ. ಇಷ್ಟನ್ನು ಮಾಡುವವನು ತಾನೂ ಒಂದು ದಿನ ಆ ಮಂಚದ ಮೇಲೆ ಮಲಗಬೇಕಾದವನೆಂಬುದನ್ನು ಅರಿತು ಮಾಡಿದರೆ, ರೋಗಿಗೆ ಸಮಾಧಿಯೂ ಸೇವಕನಿಗೆ ತಪಸ್ಸಿನ ಫಲವೂ ಒಂದೇ ಕೋಣೆಯಲ್ಲಿ ದೊರೆಯುತ್ತವೆ.